ಮಾಂಸದ ನೆಲಮಾಳಿಗೆಯಲ್ಲಿ ಒಂದು ಸಂಸಾರ

ನಮ್ಮ ಕುಬಾಲಾಖ್‌ನಲ್ಲಿ ಚಳಿಗಾಲ ಬಂತೆಂದರೆ ಎಲ್ಲರಿಗಿಂತ ಹೆಚ್ಚು ಒದ್ದಾಡುವವನು ಬಾಯ್ಲರ್ ಗವ್ರಿಲ್. ಅದೂ ಸೆಖೆಯಿಂದ. ಮನೆಮನೆಗೂ ಪೈಪಿನಲ್ಲಿ ಬಿಸಿನೀರು ಹರಿಸಿ ಊರನ್ನು ಬೆಚ್ಚಗಿಡುವ ಬಾಯ್ಲರ್ ಮನೆಯಲ್ಲಿ ಅವನಿಗೆ ಕೆಲಸ. ಅವನ ಸ್ವಂತ ಮನೆ ಅದಕ್ಕೆ ಒತ್ತಿಕೊಂಡೇ ಇದೆ, ಪೈಪಿನ ಮೊದಲನೇ ಮನೆ. ಊರ ಕೊನೆಯ ಮನೆಗೆ ನೀರು ಬೆಚ್ಚಗಾದರೂ ತಲುಪಬೇಕಾದರೆ ಮೊದಲನೇ ಮನೆಯಲ್ಲಿ ಅದು ಕುದಿಯುತ್ತಿರಬೇಕು. ಕಡಿಮೆ ಮಾಡಿಕೊಳ್ಳೋಣವೆಂದರೆ ನಲ್ಲಿಯಿಲ್ಲ; ಪೈಪು ಹಾಕಿದವರು ಅದನ್ನು ಹಾಕದೆ ಹೋದರು. ಹೀಗಾಗಿ ಹೊರಗೆ ಐವತ್ತು ಇರುವಾಗ ಒಳಗೆ ಗವ್ರಿಲ್ ಬನಿಯನ್ನು ಚಡ್ಡಿಯಲ್ಲಿ ಕೂತು ತಣ್ಣನೆ ಹಾಲು ಕುಡಿಯುತ್ತಿರುತ್ತಾನೆ. ಅವನ ಹೆಂಡತಿ ಅಕುಲಿನಾ ರಟ್ಟಿನ ತುಂಡಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಧಾರಾವಾಹಿ ನೋಡುತ್ತಾಳೆ. ಅವರ ಕಿಟಕಿಯಲ್ಲಿ ಜನವರಿಯಲ್ಲೂ ಟೊಮೆಟೊ ಬಿಡುತ್ತದೆ. ಐವತ್ತು ಎಂದರೆ ಸೊನ್ನೆಯಿಂದ ಕೆಳಗೆ ಐವತ್ತು. ಸೈಬೀರಿಯದ ನಮ್ಮ ಮೂಲೆಯಲ್ಲಿ ಅಕ್ಟೋಬರ್ ಕಳೆದ ಮೇಲೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ, ಒಂದು ಜನವರಿಯಲ್ಲಿ, ಊರಿನ ಮುಖ್ಯಸ್ಥ ಪ್ರೊಕೋಪಿ ಒಂದು ಕಾಗದ ಹಿಡಿದು ಶಾಲೆಗೆ ಬಂದ. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಇಪ್ಪತ್ತೆರಡು ವರ್ಷದಿಂದ ಆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರೂ ಇಂಗ್ಲಿಷ್ ಮಾತಾಡುವ ಒಬ್ಬ ಮನುಷ್ಯನನ್ನೂ ಕಂಡವಳಲ್ಲ.

“ಓದಿ ಟೀಚರಮ್ಮ, ನಿಧಾನಕ್ಕೆ ಓದಿ,” ಎಂದ ಪ್ರೊಕೋಪಿ.

ಆಸ್ಟ್ರೇಲಿಯಾದ ಡಾರ್ವಿನ್ ಎಂಬ ಊರಿನಿಂದ ಲಾಕ್ಲನ್ ಪರ್ಡಿ ಎಂಬಾತ ಬರೆದಿದ್ದ. ಟಿವಿಗಾಗಿ ಚಿತ್ರ ತೆಗೆಯುವವನು. ಪ್ರಪಂಚದ ಅತ್ಯಂತ ಕಠಿಣವಾದ ಜಾಗಗಳಲ್ಲಿ ಒಂದೊಂದು ವಾರ ಇದ್ದು ಬರುತ್ತಾನಂತೆ. ನಮ್ಮೂರಿನಲ್ಲಿ ‘ಚಳಿಯೊಂದಿಗೆ ಹೋರಾಡುವ’ ಒಂದು ಸಂಸಾರದ ಜೊತೆ ಇರಬೇಕೆಂದು ಅವನ ಆಸೆ.

“ಯಾರು ಹೋರಾಡ್ತಾರೆ?” ಎಂದು ಕೇಳಿದ ಪ್ರೊಕೋಪಿ.

“ಯಾರೂ ಇಲ್ಲಪ್ಪ.”

“ಹಾಗನ್ಬೇಡಿ. ಪಕ್ಕದೂರಿಗೆ ಹೋದ ವರ್ಷ ಜಪಾನಿನವರು ಬಂದು ಫೋಟೋ ಹೊಡ್ಕೊಂಡು ಹೋದ್ರು. ಅವರಿಗಿಂತ ನಮ್ದು ಎರಡು ಡಿಗ್ರಿ ಜಾಸ್ತಿ ಚಳಿ. ಯಾರಾದ್ರೂ ಹೋರಾಡ್ಲೇಬೇಕು.”

ಕ್ಲಬ್ಬಿನಲ್ಲಿ ಸಭೆ ಸೇರಿ, ಊರಿಗೆಲ್ಲ ಚೆಂದದ ಹಳೆಯ ಮರದ ಮನೆ ಎಂಬ ಕಾರಣಕ್ಕೆ ಗವ್ರಿಲ್ ಮನೆಯನ್ನೇ ಆರಿಸಿದರು. ಒಳಗಿನ ಸೆಖೆ ಯಾರ ನೆನಪಿಗೂ ಬರಲಿಲ್ಲ. ಚಳಿ ನೋಡಲು ಬರುವವನು ಒಳಗೇಕೆ ಕೂರುತ್ತಾನೆ?

ಫೆಬ್ರವರಿ ಎರಡನೇ ವಾರ ಅತಿಥಿಗಳು ಬಂದರು. ಅದೇ ವಾರ ಮೋಡ ಕವಿದು ಚಳಿ ಹದಿನೇಳಕ್ಕೆ ಬಂದುಬಿಟ್ಟಿತು. ಮದುವೆ ಮನೆಯಲ್ಲಿ ಅಡುಗೆ ಸೀದುಹೋದರೆ ಹೆಣ್ಣಿನ ಕಡೆಯವರ ಮುಖ ಹೇಗಿರುತ್ತದೋ ಹಾಗಿತ್ತು ನಮ್ಮ ಜನರ ಮುಖ. ಮಕ್ಕಳು ಟೋಪಿಯಿಲ್ಲದೆ ಬೀದಿಯಲ್ಲಿ ಓಡಾಡುತ್ತಿದ್ದವು. ಪ್ರೊಕೋಪಿ ಅವನ್ನು ಒಳಗೆ ಅಟ್ಟಿದ. ಯಾಕುತ್ಸ್ಕ್‌ನಿಂದ ಎರಡು ದಿನ ಪ್ರಯಾಣ ಮಾಡಿ ಬಂದ ವ್ಯಾನಿನಿಂದ ಲಾಕ್ಲನ್ ಇಳಿದಾಗ ಹಾಸಿಗೆಯೊಂದು ನಡೆದುಬಂದ ಹಾಗಿತ್ತು. ಅಷ್ಟು ದಪ್ಪನೆಯ ಕೆಂಪು ಕೋಟು. ಹಿಂದೆ ಕ್ಯಾಮೆರಾದ ಹೆಂಗಸು ಮೆರೆಡಿತ್, ಐವತ್ತರ ಆಸುಪಾಸು, ಮಾತು ಕಡಿಮೆ.

“ಕ್ಷಮಿಸ್ಬೇಕು ಅಂತ ಹೇಳಿ,” ಎಂದು ಪ್ರೊಕೋಪಿ ನನ್ನ ಕೈ ಹಿಂಡಿದ. “ಮೊನ್ನೆವರೆಗೂ ಐವತ್ಮೂರಿತ್ತು ಅನ್ನಿ. ನಾವು ಸುಳ್ಳು ಹೇಳೋ ಜನ ಅಲ್ಲ ಅನ್ನಿ.”

ನಾನು ಹೇಳಿದೆ. ಅವನು ಏನೋ ಉತ್ತರ ಕೊಟ್ಟ. ಒಂದಕ್ಷರ ಅರ್ಥವಾಗಲಿಲ್ಲ. ನಾನು ಇಪ್ಪತ್ತೆರಡು ವರ್ಷ ಕಲಿಸಿದ ಭಾಷೆಯೇ ಬೇರೆ, ಅವನ ಮೂಗಿನಿಂದ ಬರುತ್ತಿದ್ದುದೇ ಬೇರೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. “ಪರವಾಗಿಲ್ಲವಂತೆ,” ಎಂದೆ. ಅವನು ಹೇಳಿದ್ದು ಬೆರಳು ಮರಗಟ್ಟಿದೆ, ಬೇಗ ಒಳಗೆ ಹೋಗೋಣ ಎಂದು; ಅದು ನನಗೆ ತಿಳಿದದ್ದು ಮರುದಿನ, ಕಿವಿ ಹೊಂದಿಕೊಂಡ ಮೇಲೆ.

ಗವ್ರಿಲ್ ಮನೆಯ ಬಾಗಿಲು ತೆರೆದಾಗ ಒಳಗೆ ಮೂವತ್ತನಾಲ್ಕು. ಸೊನ್ನೆಯಿಂದ ಮೇಲೆ. ಲಾಕ್ಲನ್ ಆ ಕೋಟಿನಲ್ಲೇ ಒಳಗೆ ಹೋಗಿ, ಅಕುಲಿನಾ ಕೊಟ್ಟ ಬಿಸಿ ಹಾಲಿನ ಚಹಾ ಕುಡಿದು, ಕುದುರೆ ಮಾಂಸದ ಸಾರು ಎರಡು ಚಮಚ ಬಾಯಿಗಿಟ್ಟು, ಬೆಂಚಿನಿಂದ ಪಕ್ಕಕ್ಕೆ ಉರುಳಿದ.

“ಸತ್ತೋದ್ನಾ?” ಎಂದ ಗವ್ರಿಲ್.

“ಸೆಖೆಗೆ ಕಣೋ. ಕೋಟು ಬಿಚ್ಚು. ಆ ಸಣ್ಣ ಕಿಟಕಿ ತೆಗಿ,” ಎಂದಳು ಅಕುಲಿನಾ. ಚಳಿಯೊಂದಿಗೆ ಹೋರಾಡಲು ಬಂದವನ ಹಣೆಗೆ ಒದ್ದೆ ಬಟ್ಟೆ ಇಟ್ಟು, ರಟ್ಟಿನಲ್ಲಿ ಗಾಳಿ ಬೀಸಿದಳು. ಮೆರೆಡಿತ್ ಅಷ್ಟರಲ್ಲಿ ಸ್ವೆಟರು ಬಿಚ್ಚಿ ಅಂಗಿ ತೋಳು ಮಡಿಸಿ ಸಾರು ಮುಗಿಸಿದ್ದಳು. ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು. ಆ ಕ್ಷಣದಿಂದ ಅಕುಲಿನಾಗೆ ಅವಳೆಂದರೆ ಪ್ರಾಣ.

ಮರುದಿನ ಭಾನುವಾರ. ಕ್ಲಬ್ಬಿನಲ್ಲಿ ಮಧ್ಯಾಹ್ನ ಸ್ವಾಗತ ಸಭೆ. ಊರವರಿಗೆ ಕೇಳಲಿಕ್ಕಿದ್ದುದು ಒಂದೇ ಪ್ರಶ್ನೆ. ತೊಂಬತ್ತು ದಾಟಿದ ಫೆವ್ರೋನಿಯಾ ಅಜ್ಜಿಯೇ ಎದ್ದು ನನ್ನತ್ತ ತಿರುಗಿ ಹೇಳಿದಳು: “ಮೊಸಳೆ ಇವನಿಗೆ ಎಷ್ಟು ಸಲ ಕಚ್ಚಿದೆ, ಕೇಳೆ ಲುಕೇರ್ಯ.”

ಕೇಳಿದೆ. ಲಾಕ್ಲನ್ ನಕ್ಕ. ಮೊಸಳೆ ನೋಡಿದ್ದು ಶಾಲೆಯಲ್ಲಿದ್ದಾಗ, ಬೇಲಿಯ ಆಚೆಯಿಂದ, ಅದು ನಿದ್ದೆ ಮಾಡುತ್ತಿತ್ತು ಎಂದ. ಕಾಂಗರೂ? ಕಾರಿನ ಕಿಟಕಿಯಿಂದ. ಹಾವು? ಹಿಡಿಯಲು ಹೆಂಡತಿಗೆ ಗೊತ್ತು, ತನಗೆ ಭಯ.

ಸಭೆ ತಣ್ಣಗಾಯಿತು. ಹಿಂದಿನ ಸಾಲಿನಲ್ಲಿ ಯಾರೋ “ಇವನು ಬೇರೆ ಎಲ್ಲಿಯವನೋ ಇರಬೇಕು” ಎಂದರು. ಸಭೆ ಮುಗಿದ ಮೇಲೆ ಪ್ರೊಕೋಪಿ ನನ್ನನ್ನು ಮೂಲೆಗೆ ಕರೆದ. “ಪಾಸ್‌ಪೋರ್ಟ್ ನೋಡಿದ್ರಾ ಟೀಚರಮ್ಮ? ಆಸ್ಟ್ರೇಲಿಯಾದೋನಿಗೆ ಒಂದು ಮೊಸಳೇನೂ ಗೊತ್ತಿಲ್ಲ ಅಂದ್ರೆ ಹೇಗೆ?”

ಸೋಮವಾರ ಚಿತ್ರ ತೆಗೆಯಲು ಶುರುವಾಯಿತು. ಲಾಕ್ಲನ್‌ಗೆ ಬೇಕಾಗಿದ್ದುದು ಚರ್ಮ ಹೊದ್ದು ಬೆಂಕಿಯ ಸುತ್ತ ಕೂತ ಸಂಸಾರ. ಮನೆಯಲ್ಲಿ ಬೆಂಕಿಯಿಲ್ಲ, ಪೈಪಿದೆ. ಚರ್ಮವೂ ಇಲ್ಲ, ಗವ್ರಿಲ್ ಹೊರಗೆ ಹಾಕುವುದು ಚೀನಾದ ಜಾಕೆಟ್ಟು. ಶಾಲೆಯ ಮ್ಯೂಸಿಯಂ ಕೀಲಿ ನನ್ನ ಹತ್ತಿರವಿದ್ದುದರಿಂದ ಪ್ರೊಕೋಪಿ ಅಲ್ಲಿಂದ ನೂರು ವರ್ಷದ ಹಳೆಯ ತುಪ್ಪುಳು ಕೋಟು, ನರಿ ಟೋಪಿ, ಕರಡಿ ಚರ್ಮ ಎಲ್ಲ ಹೊರಿಸಿಕೊಂಡು ಬಂದ. ಗಂಡ ಹೆಂಡತಿ ಅವನ್ನು ಹಾಕಿಕೊಂಡು ಮೂವತ್ತನಾಲ್ಕರ ಸೆಖೆಯಲ್ಲಿ ಕೂತರು. ಐದು ನಿಮಿಷಕ್ಕೆ ಗವ್ರಿಲ್ ಮುಖದಿಂದ ಬೆವರು ಗಲ್ಲದವರೆಗೆ ಹರಿಯಿತು.

“ನಡುಗಕ್ಕಾಗುತ್ತಾ ಅಂತ ಕೇಳ್ತಿದಾನೆ,” ಎಂದೆ.

“ಇನ್ನೈದು ನಿಮಿಷ ಕೂರಿಸಿದ್ರೆ ನಡುಗ್ತೀನಿ. ಜ್ವರ ಬಂದು,” ಎಂದ ಗವ್ರಿಲ್.

“ಒಂದು ಗಂಟೆ ಬಾಯ್ಲರ್ ನಿಲ್ಸಿದ್ರೆ?” ಎಂದು ಪ್ರೊಕೋಪಿ ಮೆಲ್ಲಗೆ ಬಾಯಿಬಿಟ್ಟ.

ಗವ್ರಿಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಪ್ರೊಕೋಪಿ, ನೀನು ಮುಖ್ಯಸ್ಥ, ದೊಡ್ಡೋನು. ಇನ್ನೊಂದ್ಸಲ ಆ ಮಾತು ಆಡಿದ್ರೆ ಈ ಕರಡಿ ಚರ್ಮದಲ್ಲಿ ಸುತ್ತಿ ನಿನ್ನ ಹೊರಗೆ ಇಡ್ತೀನಿ.” ಇದನ್ನು ನಾನು ಅನುವಾದ ಮಾಡಲಿಲ್ಲ.

ದಾರಿ ತೋರಿಸಿದವಳು ಅಕುಲಿನಾ, ತನಗೇ ಗೊತ್ತಿಲ್ಲದೆ. ಮಂಗಳವಾರ ಮಾಂಸ ತರಲು ಅವಳು ಊರಿನ ನೆಲಮಾಳಿಗೆಗೆ ಹೊರಟಾಗ ಮೆರೆಡಿತ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಿಂದೆ ಹೋದಳು. ನಮ್ಮಲ್ಲಿ ನೆಲ ಎರಡಾಳು ಆಳಕ್ಕೆ ಅಗೆದರೆ ಬೇಸಿಗೆಯಲ್ಲೂ ಕರಗದ ಮಂಜು. ಸಾಮೂಹಿಕ ಬೇಸಾಯದ ಕಾಲದಲ್ಲಿ ಅಗೆದ ಆ ನೆಲಮಾಳಿಗೆ ಶಾಲೆಯ ಒಂದು ಕೋಣೆಯಷ್ಟಿದೆ. ಈಗಲೂ ಊರವರ ಮಾಂಸ, ಮೀನು, ಚಹಾಕ್ಕೆ ಕರಗಿಸುವ ನದಿಯ ಮಂಜಿನ ದಿಮ್ಮಿ ಅಲ್ಲೇ. ಗೋಡೆ, ಛಾವಣಿಯಿಂದೆಲ್ಲ ಮಂಜಿನ ಎಸಳು ಗೇಣುದ್ದ ಇಳಿಬಿದ್ದಿರುತ್ತದೆ. ಮೆರೆಡಿತ್ ದೀಪ ಹಾಕಿದಳು. ಇಡೀ ಕೋಣೆ ಝಗ್ಗೆಂದಿತು. ಅವಳು ಮೇಲೆ ಬಂದು ಲಾಕ್ಲನ್‌ನನ್ನು ತೋಳು ಹಿಡಿದು ಕರೆದುಕೊಂಡು ಹೋದಳು.

ಅವನು ಕೆಳಗೆ ನಿಂತು ಸುತ್ತ ನೋಡಿ ಪಿಸುದನಿಯಲ್ಲಿ ಹೇಳಿದ: “ಇದು. ಇದೇ ಮನೆ.”

“ಅದು ಮಾಂಸ ಇಡೋ ಜಾಗ ಅಂತ ಹೇಳಿ,” ಎಂದ ಗವ್ರಿಲ್.

“ಹೇಳಿದೆ. ಗೊತ್ತು ಅಂದ.”

ಬುಧವಾರ ಅರ್ಧ ಊರೇ ಸೇರಿ ಆ ನೆಲಮಾಳಿಗೆಯನ್ನು ಸಂಸಾರಕ್ಕೆ ಸಿದ್ಧ ಮಾಡಿತು. ಮಾಂಸವನ್ನು ಹಿಂದಕ್ಕೆ ಸರಿಸಿ ಜಮಖಾನೆ ಮುಚ್ಚಿದರು. ಮ್ಯೂಸಿಯಂನಿಂದ ಮರದ ಮಂಚ, ಮೂರು ಕಾಲಿನ ಬಟ್ಟಲು ಬಂದವು. ಒಂದು ತಗಡಿನ ಡಬ್ಬಿಯಲ್ಲಿ ಮೂರು ಕೊಳ್ಳಿ ಹಚ್ಚಿಟ್ಟರು. ಅದಕ್ಕಿಂತ ಹೆಚ್ಚು ಹಚ್ಚಿದರೆ ಛಾವಣಿ ಕರಗಿ ಮಾಂಸ ಕೆಡುತ್ತದೆ. ಮನೆ ಒಪ್ಪವಾಗಿರಬೇಕೆಂದು ಅಕುಲಿನಾ ಕಸೂತಿಯ ಪರದೆ ತಂದಿದ್ದಳು. ಪ್ರೊಕೋಪಿ ಅದನ್ನು ಕಿತ್ತುಹಾಕಿದ. “ಹೋರಾಡೋರ ಮನೇಲಿ ಪರದೆ ಎಲ್ಲಿರುತ್ತೆ ಅಕುಲಿನಾ?”

“ಬಡವರ ಮನೆಯಲ್ಲೂ ಪರದೆ ಇರುತ್ತೆ. ಜನ ಏನಂದ್ಕೊಳ್ತಾರೆ ನನ್ನ ಬಗ್ಗೆ?”

ಅಂದೇ ಸಂಜೆ ಮೋಡ ಹರಿಯಿತು. ಗುರುವಾರ ಬೆಳಗಾಗುವಷ್ಟರಲ್ಲಿ ಚಳಿ ಐವತ್ತಾರಕ್ಕೆ ಇಳಿದು ಬೀದಿಯಲ್ಲಿ ಮಂಜು ಹಾಲಿನ ಹಾಗೆ ನಿಂತಿತ್ತು. ಊರಿಗೆ ಜೀವ ಬಂತು. ಎದುರಾದವರೆಲ್ಲ ಲಾಕ್ಲನ್‌ಗೆ ಕೈ ಎತ್ತಿ “ಬಂತಲ್ಲ” ಎನ್ನುತ್ತಿದ್ದರು. ಆದರೆ ಮೆರೆಡಿತ್‌ಳ ಕ್ಯಾಮೆರಾ ಹೊರಗೆ ಕಾಲಿಟ್ಟ ಎರಡು ನಿಮಿಷಕ್ಕೆ ಕಣ್ಣು ಮುಚ್ಚಿತು. ಎಲ್ಲರೂ ನೆಲಮಾಳಿಗೆಗೆ ಓಡಿದೆವು. ಅಲ್ಲಿ ಯಾವತ್ತಿನ ಹನ್ನೆರಡೇ. ಹೊರಗಿನಿಂದ ಬಂದವರಿಗೆ ಹಾಯೆನಿಸಿತು. ಕ್ಯಾಮೆರಾ ಕೂಡ ಅಲ್ಲಿ ಕಣ್ಣು ಬಿಟ್ಟಿತು.

ಗವ್ರಿಲ್ ತುಪ್ಪುಳು ಕೋಟಿನಲ್ಲಿ ಮಂಚದ ಮೇಲೆ ಕೂತ. ವರ್ಷಗಳ ನಂತರ ಮೈಗೆ ತಂಪು ತಾಗಿ ಅವನ ಮುಖದ ಮೇಲೆ ಒಂದು ಶಾಂತಿ ಬಂದಿತ್ತು. ಚಿತ್ರದಲ್ಲಿ ಅದು ಹಸಿವಿನ ಹಾಗೆ ಕಾಣುತ್ತದೆ. ಅಕುಲಿನಾ ಹೆಪ್ಪುಗಟ್ಟಿದ ಮೀನನ್ನು ಚಾಕುವಿನಲ್ಲಿ ತೆಳ್ಳಗೆ ಕೆತ್ತುತ್ತಿದ್ದಳು. ಲಾಕ್ಲನ್ ಪಕ್ಕದಲ್ಲಿ ಕೂತು ಕ್ಯಾಮೆರಾಕ್ಕೆ ಏನೋ ಗಂಭೀರವಾಗಿ ಹೇಳುತ್ತಿದ್ದ. ಆಗ ಮೇಲಿನ ಬಾಗಿಲು ಧಡಾರನೆ ತೆರೆದು, ಇನ್ನೊಬ್ಬ ಬಾಯ್ಲರಿನವನಾದ ಐತಾಲ್‌ನ ತಲೆ ಕಾಣಿಸಿತು.

“ಗವ್ರಿಲಣ್ಣ, ಗಾಳಿ ಊದೋ ಮೋಟಾರು ನಿಂತುಹೋಯ್ತು. ಬೆಂಕಿ ಕೂತ್ಕೊಳ್ತಾ ಇದೆ.”

ಯಾರೂ ಕೂಗಾಡಲಿಲ್ಲ. ಐವತ್ತಾರರಲ್ಲಿ ಬೆಂಕಿ ಆರಿದರೆ ನಾಲ್ಕು ಗಂಟೆಯಲ್ಲಿ ಪೈಪಿನ ನೀರು ಗಟ್ಟಿಯಾಗುತ್ತದೆ, ಆರು ಗಂಟೆಯಲ್ಲಿ ಪೈಪು ಸೀಳುತ್ತದೆ, ಆಮೇಲೆ ಊರು ಬಿಟ್ಟು ಹೊರಡಬೇಕು. ಇದು ನಮ್ಮ ಮಕ್ಕಳಿಗೂ ಗೊತ್ತು. ಗವ್ರಿಲ್ ನೂರು ವರ್ಷದ ಕೋಟಿನಲ್ಲೇ ಮೆಟ್ಟಿಲು ಹತ್ತಿ ಓಡಿದ. ಲಾಕ್ಲನ್ ನನ್ನನ್ನು ಕೇಳಿದ. ನಾನು ಹೇಳಿದೆ. ಅವನೂ ಓಡಿದ.

ಬಾಯ್ಲರ್ ಮನೆಯಲ್ಲಿ ಗವ್ರಿಲ್ ಮೋಟಾರಿನ ಮುಚ್ಚಳ ಬಿಚ್ಚಿದ್ದ. ಅದರ ಬೇರಿಂಗು ಕಚ್ಚಿಕೊಂಡು ಪುಡಿಯಾಗಿತ್ತು. ಹೊಸದು ಬೇಕಾದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಒಂದು ದಿನದ ದಾರಿ. ಲಾಕ್ಲನ್ ಕೈಗವಸು ಬಿಚ್ಚಿ, ಬಗ್ಗಿ, ಬೇರಿಂಗನ್ನು ಎಣ್ಣೆ ಒರೆಸಿ ಬೆಳಕಿಗೆ ಹಿಡಿದ. ಅದರ ಅಂಚಿನಲ್ಲಿ ಕೆತ್ತಿದ್ದ ಗೀರಿನಂಥ ಅಂಕಿ ಓದಿದ. ಆಮೇಲೆ, ಇಡೀ ವಾರದಲ್ಲಿ ಮೊದಲ ಸಲ, ಟಿವಿಯ ದನಿ ಬಿಟ್ಟು ಮಾತಾಡಿದ.

“ಈ ಊರಲ್ಲಿ ವಾಷಿಂಗ್ ಮಷೀನ್ ಯಾರ ಹತ್ರ ಇದೆ?”

ಎಲ್ಲರೂ ಪ್ರೊಕೋಪಿಯ ಕಡೆ ತಿರುಗಿದರು.

“ಹೊಸದು,” ಎಂದ ಪ್ರೊಕೋಪಿ. “ಹೊಸ ವರ್ಷಕ್ಕೆ ವರ್ವಾರಾಗೆ ಕೊಡಿಸಿದ್ದು.”

“ಅದ್ರೊಳಗೂ ಇದೇ ಇರುತ್ತೆ. ಪ್ರಪಂಚದಲ್ಲೆಲ್ಲ ಇದಕ್ಕೆ ಒಂದೇ ಅಳತೆ,” ಎಂದು ನಾನು ಲಾಕ್ಲನ್‌ನ ಮಾತು ತಲುಪಿಸಿದೆ.

ಹದಿನೈದು ನಿಮಿಷದಲ್ಲಿ ಯಂತ್ರ ಜಾರುಬಂಡಿಯ ಮೇಲೆ ಬಂತು, ಅದರ ಹಿಂದೆ ಪ್ರೊಕೋಪಿಯ ಹೆಂಡತಿ ವರ್ವಾರಾ ಬಂದಳು. “ಒಳಗೆ ನನ್ನ ಹಾಸಿಗೆ ಬಟ್ಟೆ ಇದೆ, ತೆಗೆಯೋಕಾದ್ರೂ ಬಿಡ್ರೋ,” ಎನ್ನುತ್ತಿದ್ದಳು. ಯಾರೂ ಬಿಡಲಿಲ್ಲ. ಗವ್ರಿಲ್ ಮತ್ತು ಲಾಕ್ಲನ್ ಅದರ ಹೊಟ್ಟೆ ಸೀಳಿದರು. ಹೊರಗೆ ಅಕುಲಿನಾ, ಮೆರೆಡಿತ್, ಊರಿನ ಹೆಂಗಸರೆಲ್ಲ ಸೇರಿ ಪೈಪಿಗೆ ಕಂಬಳಿ, ಕುದುರೆ ಚರ್ಮ, ಸಿಕ್ಕಿದ್ದನ್ನೆಲ್ಲ ಸುತ್ತಿದರು. ಮ್ಯೂಸಿಯಂನ ಕರಡಿಯೂ ಅಲ್ಲಿ ಪೈಪನ್ನು ತಬ್ಬಿಕೊಂಡಿತು. ಮೆರೆಡಿತ್‌ಳ ಕ್ಯಾಮೆರಾ ನೆಲಮಾಳಿಗೆಯಲ್ಲೇ ಉಳಿದಿತ್ತು.

ಒಳಗೆ ಇಬ್ಬರೂ ಅಂಗಿ ಕಳಚಿ ಕೂತಿದ್ದರು. ಲಾಕ್ಲನ್‌ನ ಮುಂದೋಳಿನಲ್ಲಿ ಮೊಣಕೈವರೆಗೆ ಒಂದು ಹಳೆಯ ಗಾಯದ ಗುರುತಿತ್ತು.

“ಇದೆಂಥದು?” ಎಂದು ಗವ್ರಿಲ್ ಗಲ್ಲದಲ್ಲಿ ತೋರಿಸಿದ.

ಏಸಿಯ ಫ್ಯಾನಿನ ರೆಕ್ಕೆ, ಎಂದ ಲಾಕ್ಲನ್. ಟಿವಿಗೆ ಬರುವ ಮುಂಚೆ ಹನ್ನೊಂದು ವರ್ಷ ಡಾರ್ವಿನ್‌ನಲ್ಲಿ ಏಸಿ ರಿಪೇರಿ ಮಾಡುತ್ತಿದ್ದನಂತೆ. “ನಮ್ಮೂರು ದೇಶದ ಉತ್ತರದ ತುದಿ. ಹೊರಗೆ ಬೆಂಕಿ. ಅದಕ್ಕೇ ಎಲ್ಲರೂ ಒಳಗೇ ಇರ್ತಾರೆ. ಒಳಗೆ ಏಸಿ. ನಮ್ಮಮ್ಮ ಅಂಗಡಿಗೆ ಹೋಗೋಕೆ ಸ್ವೆಟರ್ ಹಾಕ್ಕೊಂಡು ಹೋಗ್ತಾಳೆ. ಆಫೀಸಲ್ಲಿ ನನ್ನ ಕಾಲಿಗೆ ಯಾವಾಗ್ಲೂ ಚಳಿ.”

ನಾನು ಅದನ್ನು ಹೇಳಿದಾಗ ಗವ್ರಿಲ್ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. “ಅಂದ್ರೆ ಇವನು ಹುಟ್ಟಿದಾಗಿಂದ ಚಳೀಲೇ ಇದಾನೆ?”

“ಹೌದಂತೆ.”

“ಪಾಪ,” ಎಂದ ಗವ್ರಿಲ್. “ಕೇಳಿ, ಆ ಏಸಿ ಕಡಿಮೆ ಮಾಡ್ಕೊಳ್ಳೋಕೆ ಬಟನ್ನು ಇಲ್ವಾ?”

ಇದೆ, ಆದರೆ ಅದು ಮ್ಯಾನೇಜರನ ಕೋಣೆಯಲ್ಲಿದೆ, ಎಂದ ಲಾಕ್ಲನ್. ಗವ್ರಿಲ್ ಬಹಳ ಹೊತ್ತು ತಲೆದೂಗಿದ. ಇಬ್ಬರೂ ಮತ್ತೆ ಬಗ್ಗಿದರು. ಎರಡೂವರೆ ಗಂಟೆ ಕಳೆಯುವ ಹೊತ್ತಿಗೆ ಮೋಟಾರು ಕೆಮ್ಮಿ, ಗೊರಗೊರ ಎಂದು, ತಿರುಗಿತು. ಕ್ಲಬ್ಬಿನ ಕಡೆಯ ಹಳೆಯ ಸಣ್ಣ ಪೈಪೊಂದು ಅಷ್ಟರಲ್ಲೇ ಸೀಳಿತ್ತು, ಉಳಿದದ್ದೆಲ್ಲ ಬದುಕಿತು.

ಆಮೇಲೆ ಲಾಕ್ಲನ್ ಫೋನಿನಲ್ಲಿ ತನ್ನ ಕಚೇರಿಗೆ ಇದನ್ನೆಲ್ಲ ಹೇಳುವುದನ್ನು ಕೇಳಿಸಿಕೊಂಡೆ. ಅವನು ಬಹಳ ಹುರುಪಿನಿಂದ ಹೇಳಿ, ಆಚೆಯ ಮಾತು ಕೇಳಿ ಫೋನು ಕೆಳಗಿಟ್ಟ. ಬಾಯ್ಲರ್ ಅವರಿಗೆ ಬೇಡವಂತೆ. ಬಾಯ್ಲರ್ ಅಂದರೆ ನೋಡುವವರಿಗೆ ಬೆಚ್ಚಗೆನಿಸುತ್ತದಂತೆ.

ಶನಿವಾರ ಬೀಳ್ಕೊಡುವ ಊಟ ಗವ್ರಿಲ್ ಮನೆಯಲ್ಲಿ, ಎಲ್ಲ ಕಿಟಕಿ ತೆರೆದು. ಫೆವ್ರೋನಿಯಾ ಅಜ್ಜಿ ಲಾಕ್ಲನ್‌ನ ತೋಳಿನ ಗುರುತು ನೋಡಿಬಿಟ್ಟಳು. ಅವಳು ಅದರ ಮೇಲೆ ಬೆರಳಿಟ್ಟು ಅವನ ಮುಖ ನೋಡಿದಳು. ಲಾಕ್ಲನ್ ಒಮ್ಮೆ ನನ್ನತ್ತ ನೋಡಿದ. ಆಮೇಲೆ ಶುರುಮಾಡಿದ. ನದಿ, ಸಂಜೆ, ದೋಣಿ, ನೀರಿನಿಂದ ಮೇಲೆದ್ದ ಎರಡು ಕಣ್ಣು. ನಾನು ಒಂದೊಂದು ವಾಕ್ಯವನ್ನೂ ಹೇಳಿದೆ. ದೋಣಿ ಮಗುಚಿದಲ್ಲಿ ನಾನೇ ಒಂದೆರಡು ಮಾತು ಸೇರಿಸಿದೆನೆಂದು ಕಾಣುತ್ತದೆ. ಗವ್ರಿಲ್‌ಗೆ ನಿಜ ಗೊತ್ತಿತ್ತು. ಅವನೂ ಬಾಯಿ ತೆರೆದು ಕೇಳುತ್ತಿದ್ದ. ಮುಗಿದಾಗ ಪ್ರೊಕೋಪಿ ಎದ್ದು ಲಾಕ್ಲನ್‌ನನ್ನು ಅಪ್ಪಿಕೊಂಡ. “ಮೊದಲ ದಿನಾನೇ ಹೇಳಬಾರದಿತ್ತಾ ಮಾರಾಯ,” ಎಂದ.

ಚಿತ್ರದ ಡಿಸ್ಕ್ ಬಂದದ್ದು ಸೆಪ್ಟೆಂಬರಿನಲ್ಲಿ. ಕ್ಲಬ್ಬಿನಲ್ಲಿ ಹಾಕಿದರು, ನಾನು ಪಕ್ಕದಲ್ಲಿ ನಿಂತು ಹೇಳುತ್ತ ಹೋದೆ. ನೆಲಮಾಳಿಗೆ ಅರಮನೆಯ ಹಾಗೆ ಹೊಳೆಯುತ್ತಿತ್ತು. ಅದರ ನಡುವೆ ಒಬ್ಬ ಮುದುಕ, ಒಬ್ಬ ಮುದುಕಿ, ಮೂರು ಕೊಳ್ಳಿ. ‘ಇಲ್ಲಿ ಬೆಚ್ಚಗಿನ ಒಂದು ರಾತ್ರಿ ಎಂದರೆ ಕನಸು,’ ಎಂದಿತು ಲಾಕ್ಲನ್‌ನ ದನಿ. ಅಕುಲಿನಾ ಪರದೆಯ ವಿಷಯ ಎತ್ತಿ ಪ್ರೊಕೋಪಿಯನ್ನು ಬೈದಳು. ಗವ್ರಿಲ್ ತನ್ನನ್ನು ನೋಡಿಕೊಂಡು, “ಎಷ್ಟು ತಣ್ಣಗೆ ಕೂತಿದೀನಿ ನೋಡಿ,” ಎಂದ. ಮುಂದಿನ ಸಾಲಿನಲ್ಲಿ ಫೆವ್ರೋನಿಯಾ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮರುವಾರ ಅವಳು ನನ್ನ ಮನೆಗೆ ಬಂದಳು. ಕೈಯಲ್ಲಿ ಎರಡು ಜೊತೆ ಉಣ್ಣೆಯ ಕೈಗವಸು, ಆಗಷ್ಟೇ ಹೆಣೆದದ್ದು.

“ಆ ಗಂಡ ಹೆಂಡ್ತಿಗೆ ಕಳಿಸ್ಬೇಕು. ವಿಳಾಸ ಬರಿ.”

“ಅಜ್ಜಿ, ಅದು ನಮ್ಮ ಗವ್ರಿಲ್, ಅಕುಲಿನಾ. ನೀವೂ ಇದ್ರಲ್ಲ ಊಟಕ್ಕೆ.”

“ಗವ್ರಿಲ್ ನನಗೆ ಗೊತ್ತಿಲ್ವೇನೆ? ಅವನ ಅಮ್ಮನಿಗೆ ಹೆರಿಗೆ ಮಾಡಿಸಿದ್ದೇ ನಾನು. ಅವನಿಗೆ ಹೊಟ್ಟೆ ಇದೆ. ಆ ಮನುಷ್ಯನ ಮುಖ ನೋಡಿದ್ಯಾ? ಎಷ್ಟು ದಿನ ಆಗಿತ್ತೋ ಉಂಡು. ಬರಿ ಅಂದ್ರೆ ಬರಿ.”

ನಾನು ಲಕೋಟೆಯ ಮೇಲೆ ಏನೋ ಬರೆದು, ಕೈಗವಸನ್ನು ತೆಗೆದುಕೊಂಡು ಹೋಗಿ ಗವ್ರಿಲ್‌ಗೆ ಕೊಟ್ಟು ವಿಷಯ ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಕೈಗವಸು ಹಾಕಿ ನೋಡಿ, ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ಕೂತ.

“ಒಳ್ಳೇದು ಮಾಡಿದ್ರಿ ಅಜ್ಜಿ ಅಂತ ಹೋಗಿ ಹೇಳ್ಲಾ?” ಎಂದು ಕೇಳಿದ.

“ನೀನು ಹೇಳಿದ್ರೆ ಏನು ಬಂತು? ಅವಳು ಕಳಿಸಿದ್ದು ನಿನಗಲ್ಲ,” ಎಂದೆ.

“ಮತ್ತೆ ಅಷ್ಟು ಹೆಣೆದೋರಿಗೆ ಉತ್ತರ ಬರಬೇಡ್ವಾ?” ಎಂದ ಗವ್ರಿಲ್. “ಟೀಚರಮ್ಮ, ಕಾಗದ ಪೆನ್ನು ಇದೆಯಾ?”

ಅವನು ಹೇಳಿದ, ನಾನು ಬರೆದೆ. ಕೈಗವಸು ತಲುಪಿತು, ಅಳತೆ ಸರಿಯಾಗಿದೆ. ಈ ವರ್ಷ ಮೀನು ಚೆನ್ನಾಗಿ ಸಿಕ್ಕಿದೆ, ಆದ್ದರಿಂದ ನಮ್ಮ ಬಗ್ಗೆ ಚಿಂತೆ ಮಾಡಬೇಡಿ. ಹೆಂಡತಿ ನಮಸ್ಕಾರ ತಿಳಿಸಿದ್ದಾಳೆ, ಅವಳಿಗೆ ಒಂದು ಪರದೆಯ ಆಸೆ ಇದೆ, ಒಂದಲ್ಲ ಒಂದು ದಿನ ಆಗುತ್ತದೆ. ಅಂಚೆಯ ಹುಡುಗಿಗೆ ಗುಟ್ಟು ಹೇಳಿ, ಎರಡು ವಾರ ತಡೆದು, ಕಾಗದವನ್ನು ಅಜ್ಜಿಗೆ ತಲುಪಿಸಿದೆವು.

ಅಜ್ಜಿಗೆ ಅಕ್ಷರ ಕಾಣುವುದಿಲ್ಲ. ಅವಳು ಅದನ್ನು ಓದಿಸಿಕೊಳ್ಳಲು ಕೋಲೂರಿಕೊಂಡು ನನ್ನ ಹತ್ತಿರವೇ ಬಂದಳು. ನಾನು ಓದಿದೆ. ಅವಳು ಎರಡು ಸಲ ಓದಿಸಿದಳು. ಆಮೇಲೆ ಸೆರಗಿನಂತೆ ಹೊದ್ದಿದ್ದ ಶಾಲಿನೊಳಗಿಂದ ಮಡಿಸಿದ ಒಂದು ಬಟ್ಟೆ ತೆಗೆದು ಮೇಜಿನ ಮೇಲಿಟ್ಟಳು. “ಯಾಕೋ ಮನಸ್ಸಿಗೆ ಬಂದು ಎತ್ಕೊಂಡು ಬಂದೆ. ಹಳೇದು, ಆದ್ರೆ ಗಟ್ಟಿಯಿದೆ. ಪರದೆಗಾಗುತ್ತೆ ಅಂತ ಬರಿ. ಅವನ ಮಂಡಿ ಹೇಗಿದೆ ಅಂತಾನೂ ಕೇಳು. ಪಿಚ್ಚರಿನಲ್ಲಿ ಕೂರೋವಾಗ ನೋಡಿದೆ, ಎಡಗಾಲು ಎಳೀತಿದ್ದ.”

ಗವ್ರಿಲ್‌ಗೆ ಎಡಮಂಡಿ ನೋವಿರುವುದು ನನಗೂ ಗೊತ್ತಿರಲಿಲ್ಲ. ಕಾಗದ ತೆಗೆದುಕೊಂಡೆ, ಅವಳು ಹೇಳಿದ್ದನ್ನು ಬರೆದುಕೊಂಡೆ.